ಚದರ ಅಡಿ ಕೇಳಿ ರೇಡಿಯೇಟರ್ ಮಾರುವವರನ್ನು ನಂಬಬೇಡಿ

ಪ್ರಶ್ನೆ: ಬೆಂಗಳೂರಿನಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಎರಡು ವರ್ಷವಾಯಿತು. ಈಚೆಗೆ ಸುಮಾರು ನೂರು ವರ್ಷ ಹಳೆಯ ಸಾಲುಮನೆಯೊಂದನ್ನು ಕೊಂಡೆವು. ಮುಂದಿನ ಕೋಣೆ 150 ಚದರ ಅಡಿ. ಬಾಯ್ಲರ್ ಎಷ್ಟು ಹೊತ್ತು ಉರಿದರೂ ಅಲ್ಲಿ ಚಳಿ ಬಿಡುವುದಿಲ್ಲ. ಬಾಯ್ಲರ್ ಕಾಯಿಸಿದ ನೀರು ಒಳಗೆ ಹರಿದು ಕೋಣೆಗೆ ಶಾಖ ಕೊಡುವ ರೇಡಿಯೇಟರ್ ಎಷ್ಟು ದೊಡ್ಡದು ಹಾಕಿಸಬೇಕು?

ಚಳಿ ಶುರುವಾದೊಡನೆ ಈ ಪ್ರಶ್ನೆ ಬರುತ್ತದೆ, ಪ್ರತಿ ಸಲವೂ ಚದರ ಅಡಿಯೊಂದನ್ನೇ ಹೊತ್ತು ಬರುತ್ತದೆ. ಟೈಲ್ಸ್ ಕೊಳ್ಳಲು ಅಷ್ಟು ಸಾಕು, ಶಾಖಕ್ಕೆ ಸಾಲದು. ಕೋಣೆ ತೂತುಬಿದ್ದ ಕೊಡವಿದ್ದಂತೆ. ಕೊಡದ ಗಾತ್ರ ಹೇಳಿದರೆ ಪ್ರಯೋಜನವಿಲ್ಲ. ಗಂಟೆಗೆ ಎಷ್ಟು ಸೋರುತ್ತದೆ ಎಂಬುದು ನನಗೆ ಬೇಕು.

ನಿಮ್ಮ ಕೋಣೆಯನ್ನು 4 ಮೀಟರ್ ಉದ್ದ, 3.5 ಮೀಟರ್ ಅಗಲ, 2.5 ಮೀಟರ್ ಎತ್ತರ ಎಂದಿಟ್ಟುಕೊಳ್ಳೋಣ. ಒಳಗೆ 21 ಡಿಗ್ರಿ ಬೇಕು, ಹೊರಗೆ ಮೈನಸ್ 3ರ ರಾತ್ರಿ. ವ್ಯತ್ಯಾಸ 24. ಬೀದಿ ಕಡೆಗೆ 4 ಮೀಟರಿನ ಒಂದೇ ಗೋಡೆ, 10 ಚದರ ಮೀಟರ್. ಕಿಟಕಿಯ 2 ಚದರ ಮೀಟರ್ ಕಳೆದರೆ 8 ಉಳಿಯುತ್ತದೆ. ಆ ಕಾಲದ ಒಂಬತ್ತು ಅಂಗುಲದ ಇಟ್ಟಿಗೆ ಗೋಡೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿಗೆ ಸುಮಾರು 2 ವಾಟ್ ಬಿಟ್ಟುಕೊಡುತ್ತದೆ. ಅಲ್ಲಿಗೆ 384 ವಾಟ್. ಎರಡು ಪದರದ ಹಳೆಯ ಗಾಜಿನ ಕಿಟಕಿಗೆ 2.8ರ ಲೆಕ್ಕದಲ್ಲಿ 134. ಕೆಳಗೆ ಗಾಳಿಯಾಡುವ ಮರದ ನೆಲಕ್ಕೆ 0.7ರಂತೆ 235. ಸಂದುಗಳಿಂದ ಕೋಣೆಯ ಗಾಳಿ ಗಂಟೆಗೊಮ್ಮೆ ಬದಲಾಗುತ್ತದೆ ಎಂದರೆ, 35 ಘನ ಮೀಟರಿಗೆ ಮತ್ತೆ 277. ಅಕ್ಕಪಕ್ಕದ ಮನೆಯವರೂ ಮಹಡಿಯ ಕೋಣೆಯೂ ಬೆಚ್ಚಗಿದ್ದರೆ ಆ ಕಡೆಗಳಿಗೆ ಸೊನ್ನೆ. ಒಟ್ಟು 1,030 ವಾಟ್.

ಇದೇ ಅಳತೆಯ ಕೋಣೆ ಸಾಲಿನ ಕೊನೆಯ ಮನೆಯಲ್ಲಿದ್ದರೆ ಇನ್ನೊಂದು ಗೋಡೆ ಬಯಲಿಗೆ ತೆರೆದುಕೊಳ್ಳುತ್ತದೆ. ಅದೊಂದರಿಂದಲೇ ಮತ್ತೆ 420 ವಾಟ್ ಹೋಗುತ್ತದೆ. ಚದರ ಅಡಿ ಅದೇ, ಬೇಕಾದ ಶಾಖ ನೂರಕ್ಕೆ ನಲವತ್ತು ಹೆಚ್ಚು! ಇಷ್ಟನ್ನೂ ಕೇಳದೆ ಫೋನಿನಲ್ಲೇ ಗಾತ್ರ ಹೇಳುವವನು ತಜ್ಞನಲ್ಲ.

ಇಲ್ಲಿಯವರೆಗೆ ಸರಿಯಾಗಿ ಲೆಕ್ಕ ಮಾಡಿದವರೂ ಮುಂದಿನ ಹೆಜ್ಜೆಯಲ್ಲಿ ಮುಗ್ಗರಿಸುತ್ತಾರೆ. ಕ್ಯಾಟಲಾಗಿನಲ್ಲಿ 1,050 ವಾಟ್ ಎಂದಿರುವುದನ್ನು ಕಂಡು ಅದನ್ನೇ ಕೊಂಡುಬಿಡುತ್ತಾರೆ. ಆ ಅಂಕಿ ನಿಜವಾಗುವುದು ನೀರು 75 ಡಿಗ್ರಿಯಲ್ಲಿ ಒಳಬಂದು 65ರಲ್ಲಿ ಹೊರಹೋದಾಗ, ಕೋಣೆ 20ರಲ್ಲಿದ್ದಾಗ. ಬಾಯ್ಲರನ್ನು ಅಷ್ಟು ಬಿಸಿಯಲ್ಲಿ ನಡೆಸುವುದೇ ತಪ್ಪು. ಈಗಿನ ಕಂಡೆನ್ಸಿಂಗ್ ಬಾಯ್ಲರ್ ಹೊಗೆಯ ಆವಿಯಲ್ಲಿರುವ ಶಾಖವನ್ನು ಹಿಡಿದುಕೊಳ್ಳಬೇಕಾದರೆ ಮರಳಿ ಬರುವ ನೀರು 55 ಡಿಗ್ರಿಗಿಂತ ಕೆಳಗಿರಬೇಕು. ನೀರನ್ನು 55ರಲ್ಲಿ ಕಳಿಸಿ 45ರಲ್ಲಿ ಮರಳಿಸಿದರೆ ಅದೇ ರೇಡಿಯೇಟರ್ ಹೆಚ್ಚುಕಡಿಮೆ ಅರ್ಧದಷ್ಟು ಶಾಖ ಮಾತ್ರ ಕೊಡುತ್ತದೆ. ಆದ್ದರಿಂದ ನಿಮ್ಮ ಕೋಣೆಗೆ ಕ್ಯಾಟಲಾಗಿನ ಲೆಕ್ಕದಲ್ಲಿ 2,100 ವಾಟ್ ಬೇಕು. 22 ಎಂಬ ಮಾದರಿ, ಅಂದರೆ ಎರಡು ಪ್ಯಾನೆಲ್, ನಡುವೆ ಎರಡು ಸಾಲು ರೆಕ್ಕೆ ಇರುವುದು, 600 ಮಿಲಿಮೀಟರ್ ಎತ್ತರ, 1,200 ಅಗಲದಲ್ಲಿ ಸರಿಸುಮಾರು ಅಷ್ಟು ಕೊಡುತ್ತದೆ. ನಾನಾದರೆ ಜಾಗವಿದ್ದಲ್ಲಿ 1,400ರದನ್ನೇ ಹಾಕಿಸುತ್ತೇನೆ. ಮುಂದೆ ಬಾಯ್ಲರ್ ಬದಲು ಹೀಟ್ ಪಂಪ್, ಅಂದರೆ ಹೊರಗಿನ ಗಾಳಿಯಿಂದ ಶಾಖ ಸೆಳೆದು ನೀರು ಕಾಯಿಸುವ ವಿದ್ಯುತ್ ಯಂತ್ರ, ಹಾಕಿಸಿದರೆ ನೀರಿನ ಬಿಸಿ ಇನ್ನೂ ತಗ್ಗುತ್ತದೆ.

ದೊಡ್ಡ ರೇಡಿಯೇಟರ್ ಹೆಚ್ಚು ಗ್ಯಾಸ್ ತಿನ್ನುತ್ತದೆ ಎಂದು ಹೆದರಿಸುವವರಿದ್ದಾರೆ. ಶುದ್ಧ ಸುಳ್ಳು. ಗ್ಯಾಸ್ ಎಷ್ಟು ಬೇಕೆಂದು ತೀರ್ಮಾನಿಸುವುದು ಕೋಣೆಯ ಸೋರಿಕೆ. ದೊಡ್ಡದಿದ್ದರೆ ಕಡಿಮೆ ಬಿಸಿಯ ನೀರಿನಲ್ಲೇ ಕೆಲಸ ಮುಗಿಯುತ್ತದೆ, ಖರ್ಚು ಇಳಿಯುತ್ತದೆ.

ಹಳೆಯದರ ಉದ್ದ ಅಳೆದು ಅಷ್ಟೇ ಉದ್ದದ ಹೊಸದನ್ನು ನೇತುಹಾಕಿ ಹೋಗುವವರನ್ನಂತೂ ನಾನು ಕ್ಷಮಿಸಲಾರೆ. ಅಂಥ ಮನೆಯೊಂದಕ್ಕೆ ಹೋಗಿದ್ದೆ. ಹಣವನ್ನೆಲ್ಲ ಕೊಟ್ಟ ಮೇಲೂ ಊರಿನಿಂದ ಬಂದಿದ್ದ ಅಜ್ಜಿ ಹಗಲಲ್ಲೂ ಕಂಬಳಿ ಹೊದ್ದು ಕೂತಿದ್ದರು. ರೇಡಿಯೇಟರ್ ಹೊಸದಾಗಿತ್ತು, ಲೆಕ್ಕ ಮಾತ್ರ ಯಾರೂ ಹಾಕಿರಲಿಲ್ಲ.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಸೆರಾಮಿಕ್ ಹೀಟರ್ ಅರ್ಧ ಕರೆಂಟಿನಲ್ಲಿ ಕೋಣೆಯನ್ನೆಲ್ಲ ಬಿಸಿ ಮಾಡುತ್ತದೆಯಂತೆ, ನಿಜವೇ?

ಇಲ್ಲ. 500 ವಾಟ್ ಎಳೆಯುವ ಹೀಟರ್ ಕೊಡುವುದು 500 ವಾಟ್ ಶಾಖ, ಒಳಗೆ ಎಣ್ಣೆಯಿರಲಿ, ಸೆರಾಮಿಕ್ ಇರಲಿ.

ಪ್ರಶ್ನೆ: ರೇಡಿಯೇಟರಿಗೆ ಕಪ್ಪು ಬಣ್ಣ ಬಳಿದರೆ ಹೆಚ್ಚು ಶಾಖ ಬರುತ್ತದೆಯೇ?

ಬರುವುದಿಲ್ಲ. ಮುಂದಿರುವ ಸೋಫಾ ಸರಿಸಿ.

ಪ್ರಶ್ನೆ: ರೇಡಿಯೇಟರಿನ ಮೇಲ್ಭಾಗ ತಣ್ಣಗಿದೆ, ಬದಲಿಸಬೇಕೇ?

ಗಾಳಿ ಸೇರಿದೆ, ಕೀಲಿ ತಿರುಗಿಸಿ ಅದನ್ನು ಹೊರಬಿಡಿ. ಕೆಳಭಾಗ ತಣ್ಣಗಿದ್ದರೆ ಕಪ್ಪು ಕೆಸರು ತುಂಬಿದೆ, ತೊಳೆಸಬೇಕು.

ಪ್ರಶ್ನೆ: ಧಾರವಾಡದಿಂದ ಬಂದಿರುವ ಅಪ್ಪ ಅಮ್ಮ ಚಳಿ ತಾಳಲಾರದೆ ಗೋಡೆಯ ಗಾಳಿಕಿಂಡಿಗಳಿಗೆ ಟೇಪ್ ಅಂಟಿಸಿದ್ದಾರೆ. ಅದೇ ಕೋಣೆಯಲ್ಲಿ ಹಳೆಯ ಗ್ಯಾಸ್ ಒಲೆಯೂ ಉರಿಯುತ್ತದೆ. ತೊಂದರೆ ಇದೆಯೇ?

ಈ ಉತ್ತರ ಓದುವುದನ್ನು ನಿಲ್ಲಿಸಿ, ಮೊದಲು ಒಲೆ ಆರಿಸಿ, ಟೇಪ್ ಕಿತ್ತುಹಾಕಿ. ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರು ಏಳುವುದಿಲ್ಲ. ಪರವಾನಗಿ ಇರುವ ಗ್ಯಾಸ್ ಎಂಜಿನಿಯರ್ ಬಂದು ನೋಡುವವರೆಗೆ ಆ ಒಲೆ ಹಚ್ಚಲೇಬೇಡಿ. ಕಾರ್ಬನ್ ಮಾನಾಕ್ಸೈಡ್ ಪತ್ತೆಮಾಡುವ ಅಲಾರಂ ಮನೆಯಲ್ಲಿಲ್ಲದಿದ್ದರೆ ಇಂದೇ ತನ್ನಿ, ರೇಡಿಯೇಟರ್ ವಿಷಯ ಆಮೇಲೆ ಮಾತನಾಡೋಣ.