ಪಿತ್ತ ನೆತ್ತಿಗೇರಿದ ಮಾರ್ಚ್

(ನನ್ನ ಬಳಿ ಆಪ್ತಸಲಹೆಗೆ ಬಂದವರೊಬ್ಬರ ಕಥೆ ಇದು. ಹೆಸರು, ಮನೆಯವರ ಉದ್ಯೋಗ, ಮಗುವಿನ ವಯಸ್ಸು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ವೀಡಿಯೊ ಕರೆಯ ಪರದೆ ತೆರೆದುಕೊಂಡ ಕೂಡಲೇ ಅವರು ನಮಸ್ಕಾರವನ್ನೂ ಹೇಳದೆ ಒಂದು ಪೊಟ್ಟಣವನ್ನು ಕ್ಯಾಮೆರಾದ ಮುಂದೆ ಹಿಡಿದರು. ಪಾರದರ್ಶಕ ಪ್ಲಾಸ್ಟಿಕ್, ಒಳಗೆ ಡಿಕಾಕ್ಷನ್‌ಗಿಂತ ಕಪ್ಪಾದ ಕಷಾಯ, ಒಂದು ಲೋಟದಷ್ಟು. "ಮೇಡಂ, ನನ್ನ ಲಿವರ್ ಕೆಟ್ಟಿದೆಯಂತೆ. ಅದಕ್ಕೇ ನನಗೆ ಇಷ್ಟು ಕೋಪವಂತೆ."

ಸುಮನಾ ಎಂದು ಕರೆಯುತ್ತೇನೆ. ಶಿರಸಿ ಕಡೆಯವರು, ನಲವತ್ತರ ಹತ್ತಿರದ ವಯಸ್ಸು. ಗಂಡನ ಕೆಲಸದ ಕಾರಣಕ್ಕೆ ಮೂರು ವರ್ಷಗಳಿಂದ ಶಾಂಘೈನಲ್ಲಿ ವಾಸ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ, ಮಗನನ್ನು ಮಲಗಿಸಿ ಅವರು ನನ್ನೆದುರು ಕೂರುವಾಗ ಇಲ್ಲಿ ದೀಪ ಹಚ್ಚುವ ಹೊತ್ತು. ದೂರು ಇಷ್ಟು: ಮಗನ ಹೋಂವರ್ಕ್ ಪುಸ್ತಕವನ್ನು ಗೋಡೆಗೆ ಎಸೆದಿದ್ದಾರೆ, ಗಂಡನೊಡನೆ ಮಾತು ನಿಂತಿದೆ, ರಾತ್ರಿ ಎರಡಕ್ಕೋ ಎರಡೂವರೆಗೋ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಕಳೆದ ಎರಡು ವರ್ಷವೂ ಮಾರ್ಚ್‌ನಲ್ಲಿ ಹೀಗೆಯೇ ಆಗಿತ್ತು, ಈ ಸಲ ಮಾತ್ರ ವಿಪರೀತ.

ಅವರನ್ನು ಸಾಂಪ್ರದಾಯಿಕ ಚೀನೀ ವೈದ್ಯದ ಆಸ್ಪತ್ರೆಗೆ ಕರೆದೊಯ್ದವರು ಎದುರು ಮನೆಯ ಹಿರಿಯ ಹೆಂಗಸು. ಚೀನೀ ಭಾಷೆಯಲ್ಲಿ ಅಂಥವರನ್ನು 'ಆಯಿ' ಎನ್ನುತ್ತಾರೆ, ಚಿಕ್ಕಮ್ಮ ಎಂಬ ಅರ್ಥದಲ್ಲಿ. ಸುಮನಾ ಊರಿನಲ್ಲಿ ಹೆತ್ತ ತಾಯಿಯನ್ನೂ ಆಯಿ ಎಂದೇ ಕರೆಯುವುದು. ಆ ಹೆಂಗಸಿನ ಮಾತಿಗೆ ಅವರ ಮನಸ್ಸಿನಲ್ಲಿ ಏಕೆ ಅಷ್ಟು ತೂಕ ಎಂಬುದಕ್ಕೆ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ವೈದ್ಯರು ಎರಡೂ ಮಣಿಕಟ್ಟುಗಳ ಮೇಲೆ ಮೂರು ಬೆರಳಿಟ್ಟು ನಾಡಿ ನೋಡಿದರು, ನಾಲಿಗೆ ಚಾಚಿಸಿದರು, 'ಗಾನ್ ಛಿ' ಕಟ್ಟಿಕೊಂಡಿದೆ ಎಂದರು. ಗಾನ್ ಎಂದರೆ ಯಕೃತ್ತು. ಮೊಬೈಲಿನ ಅನುವಾದದಲ್ಲಿ 'ಲಿವರ್' ಎಂದು ಕಂಡದ್ದೇ ತಡ, ಇವರು ಹೆದರಿ ಬೇರೊಂದು ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿಕೊಂಡರು. ವರದಿಯಲ್ಲಿ ಏನೂ ಇರಲಿಲ್ಲ. ಆಗ ಹೆದರಿಕೆ ಇನ್ನೂ ಹೆಚ್ಚಾಯಿತು: ಯಂತ್ರಕ್ಕೂ ಸಿಗದ ರೋಗ!

ಮೊದಲು ಈ ಗಂಟನ್ನು ಬಿಡಿಸಬೇಕಾಯಿತು. ಚೀನೀ ವೈದ್ಯದ ಗಾನ್, ಸ್ಕ್ಯಾನಿಂಗ್‌ನಲ್ಲಿ ಕಾಣುವ ಯಕೃತ್ತಲ್ಲ. ಅದು ಒಂದು ಕೆಲಸದ ಹೆಸರು. ದೇಹದಲ್ಲಿ 'ಛಿ' ಎಂಬ ಪ್ರಾಣಶಕ್ತಿ ತಡೆಯಿಲ್ಲದೆ ಹರಡುವಂತೆ ನೋಡಿಕೊಳ್ಳುವುದು ಅದರ ಪಾಲಿನ ಹೊಣೆ. ಚೀನೀಯರ ಪಂಚತತ್ತ್ವಗಳಲ್ಲಿ (ಮರ, ಬೆಂಕಿ, ಮಣ್ಣು, ಲೋಹ, ನೀರು) ಅದು ಮರದ ತತ್ತ್ವಕ್ಕೆ ಸೇರಿದ್ದು; ಅದರ ಋತು ವಸಂತ, ಬಣ್ಣ ಹಸಿರು, ರುಚಿ ಹುಳಿ, ಭಾವ ಕೋಪ. ಚಿಗುರಬೇಕಾದದ್ದಕ್ಕೆ ಅಡ್ಡ ಬಂದರೆ ಅದು ಕೋಪವಾಗುತ್ತದೆ ಎಂಬ ಲೆಕ್ಕ. ಸಿಟ್ಟಿನಿಂದ ಹಾರಾಡಿದವನನ್ನು ಅಲ್ಲಿ 'ಯಕೃತ್ತಿನ ಬೆಂಕಿ ಎಬ್ಬಿಸಿಕೊಂಡ' ಎನ್ನುತ್ತಾರೆ. ನಾನು ಸುಮನಾ ಅವರಿಗೆ ಹೇಳಿದೆ, "ಪಿತ್ತ ನೆತ್ತಿಗೇರಿತು ಎನ್ನುವುದಿಲ್ಲವೇ ನಾವು? ಹಾಗೆಂದು ಯಾರಾದರೂ ಪಿತ್ತಕೋಶದ ಸ್ಕ್ಯಾನ್ ಮಾಡಿಸುತ್ತಾರೆಯೇ?" ಅವರು ನಕ್ಕರು. ಆ ದಿನದ ಮಟ್ಟಿಗೆ ಅಷ್ಟೇ ಸಾಕೆನಿಸಿತು.

ಸಾಕಾಗಿರಲಿಲ್ಲ. ಇಲ್ಲಿ ನನ್ನ ತಪ್ಪನ್ನೂ ದಾಖಲಿಸಬೇಕು. ಈ ರೂಪಕಗಳ ರುಚಿಯಲ್ಲಿ ನಾನೂ ಮುಳುಗಿಹೋಗಿ, ಮೊದಲ ಭೇಟಿಯಲ್ಲಿಯೇ ಕೇಳಬೇಕಾದ ಸಾದಾ ಪ್ರಶ್ನೆಯನ್ನು ಎರಡನೆಯ ಭೇಟಿಯವರೆಗೆ ಕೇಳಲಿಲ್ಲ: ಈ ಕಷಾಯದ ಜೊತೆಗೆ ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ?

"ಈಗ ಯಾವುದೂ ಇಲ್ಲ ಮೇಡಂ, ನಿಲ್ಲಿಸಿಬಿಟ್ಟೆ."

ನಿಲ್ಲಿಸಿದ್ದು ಎಸಿಟಾಲೋಪ್ರಾಮ್. ಹಿಂದಿನ ವರ್ಷ ಬೆಂಗಳೂರಿನ ಮನೋವೈದ್ಯರು ಆತಂಕಕ್ಕೆಂದು ಬರೆದುಕೊಟ್ಟಿದ್ದ ಮಾತ್ರೆ. ಗಿಡಮೂಲಿಕೆ ಸಿಕ್ಕ ಮೇಲೆ ಇಂಗ್ಲಿಷ್ ಔಷಧ ಏಕೆ ಎಂದು ಒಂದೇ ದಿನದಲ್ಲಿ ಬಿಟ್ಟಿದ್ದರು. ಚೀನೀ ವೈದ್ಯರಿಗೂ ಹೇಳಿರಲಿಲ್ಲ, ಬೆಂಗಳೂರಿನವರಿಗೂ ತಿಳಿಸಿರಲಿಲ್ಲ. ಕ್ಯಾಲೆಂಡರ್ ತೆಗೆಸಿದೆ. ಮಾತ್ರೆ ಬಿಟ್ಟದ್ದು ಫೆಬ್ರವರಿಯ ಕೊನೆಯ ವಾರ. ಪುಸ್ತಕ ಗೋಡೆಗೆ ಬಡಿದದ್ದು ಅದಾದ ಆರನೆಯ ದಿನ. ತಲೆ ಹೊರಳಿಸಿದರೆ ಒಳಗೆ ಸಣ್ಣಗೆ ಕರೆಂಟ್ ಹೊಡೆದಂತೆ ಆಗುತ್ತಿತ್ತಂತೆ. "ಛಿ ಬಿಡಿಸಿಕೊಂಡು ಹರಿಯುತ್ತಿದೆ, ಒಳ್ಳೆಯ ಲಕ್ಷಣ ಎಂದು ಆಯಿ ಹೇಳಿದರು." ಅದು ಈ ಗುಂಪಿನ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದಾಗ ಬರುವ, ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ತಲೆಸುತ್ತು, ಸಿಡುಕು, ಕೆಟ್ಟ ನಿದ್ದೆ ಎಲ್ಲವೂ ಅದರ ಪರಿವಾರ. ರಾತ್ರಿ ಒಂದರಿಂದ ಮೂರು ಗಂಟೆ ಯಕೃತ್ತಿನ ಹೊತ್ತು ಎಂದು ಚೀನೀ ವೈದ್ಯ ಹೇಳುವುದು ನಿಜ, ಇವರಿಗೆ ಎಚ್ಚರವಾಗುತ್ತಿದ್ದುದೂ ಆಗಲೇ. ಹೊಂದಿಕೆ ಅಷ್ಟು ಚೆನ್ನಾಗಿ ಕುಳಿತಿದ್ದರಿಂದಲೇ ಬೇರೆ ಕಾರಣವನ್ನು ಯಾರೂ ಹುಡುಕಲಿಲ್ಲ.

ವಸಂತದ ಸಿಡುಕು ಎಂದಾಗ ನಾನು ಇನ್ನೆರಡು ಪ್ರಶ್ನೆಗಳನ್ನು ನೇರವಾಗಿ ಕೇಳುತ್ತೇನೆ. ನಿದ್ದೆ ಕಡಿಮೆಯಾದರೂ ದಣಿವೇ ಇಲ್ಲದೆ ಮೈಯಲ್ಲಿ ಹುಮ್ಮಸ್ಸು ಉಕ್ಕುತ್ತಿದೆಯೇ, ದುಡ್ಡು ನೀರಿನಂತೆ ಖರ್ಚಾಗುತ್ತಿದೆಯೇ? ಬದುಕೇ ಬೇಡವೆನಿಸಿದೆಯೇ? ಉನ್ಮಾದದ ಪ್ರಕರಣಗಳೂ ಆತ್ಮಹತ್ಯೆಗಳೂ ಅನೇಕ ದೇಶಗಳಲ್ಲಿ ವಸಂತದಿಂದ ಬೇಸಿಗೆಯ ಆರಂಭದವರೆಗೆ ಏರುವುದುಂಟು. ಹೂವು ಅರಳುವ ಕಾಲವೆಂದು ಆಪ್ತಸಲಹೆಗಾರರು ಮೈಮರೆಯುವಂತಿಲ್ಲ. ಎರಡಕ್ಕೂ ಅವರ ಉತ್ತರ ಇಲ್ಲ ಎಂದಿತ್ತು. ಹಗಲೆಲ್ಲ ಸುಸ್ತು, ಅಷ್ಟೇ.

ಹಾಗಾದರೆ ಹಿಂದಿನ ಎರಡು ಮಾರ್ಚ್‌ಗಳು? ಆಗ ಇನ್ನೂ ಈ ಮಾತ್ರೆ ಶುರುವಾಗಿರಲಿಲ್ಲವಲ್ಲ. ಇದಕ್ಕೆ ಉತ್ತರ ಗಂಡನಿಂದ ಬಂತು. ಅವರದು ಭಾರತದ ಕಚೇರಿಗೆ ಲೆಕ್ಕ ಒಪ್ಪಿಸುವ ಕೆಲಸ. ಮಾರ್ಚ್ 31 ಮುಗಿಯುವವರೆಗೆ ಮನೆ ಸೇರುವುದು ರಾತ್ರಿ ಹನ್ನೊಂದರ ಮೇಲೆ. ಅದೇ ತಿಂಗಳು ಮಗನಿಗೆ ಎರಡನೆಯ ಸೆಮಿಸ್ಟರಿನ ಪಾಠದ ಭರಾಟೆ, ಊರಿನಲ್ಲಿ ಯುಗಾದಿ, ಇವರು ಹೊರಗೆ ಮೋಡ ಕವಿದ, ಒಳಗೆ ಇನ್ನೂ ಚಳಿ ಕೊರೆಯುವ ಫ್ಲಾಟಿನಲ್ಲಿ ಒಬ್ಬರೇ. ಚೀನೀ ಪಂಚಾಂಗದ 24 ಋತುಬಿಂದುಗಳಲ್ಲಿ ಮಾರ್ಚ್ 5ರ ಸುಮಾರಿಗೆ ಬರುವುದರ ಹೆಸರು 'ಕೀಟಗಳ ಎಚ್ಚರ'. ಈ ಮನೆಯಲ್ಲಿ ಆ ಹೊತ್ತಿಗೆ ಎಚ್ಚರಗೊಳ್ಳುತ್ತಿದ್ದುದು ಮಾರ್ಚ್ ಎಂಡ್.

ಸಲಹೆಯ ಮೊದಲ ಭಾಗದಲ್ಲಿ ನಾನು ಬಿಗಿಯಾಗಿಯೇ ಇದ್ದೆ. ಇಂದೇ ಬೆಂಗಳೂರಿನ ವೈದ್ಯರಿಗೆ ಕರೆ ಮಾಡಿ, ಮಾತ್ರೆಯನ್ನು ನೀವಾಗಿ ಮತ್ತೆ ಶುರು ಮಾಡುವುದೂ ಬೇಡ, ಅವರು ಹೇಳಿದಂತೆ ಮಾಡಿ. ಕಷಾಯದ ಚೀಟಿಯ ಫೋಟೋ ತೆಗೆದು ಇಬ್ಬರು ವೈದ್ಯರಿಗೂ ತೋರಿಸಿ, ನಿಮ್ಮ ಮಾತ್ರೆಗಳ ಪಟ್ಟಿಯನ್ನು ಚೀನೀ ವೈದ್ಯರ ಮುಂದಿಡಿ. ಅಲ್ಲಿಯವರೆಗೆ ಪೊಟ್ಟಣ ಫ್ರಿಜ್‌ನಲ್ಲಿರಲಿ. ಅವರಿಗೆ ಕೊಟ್ಟದ್ದು ಸುಂಗ್ ರಾಜವಂಶದ ಕಾಲದ ಔಷಧಸಂಗ್ರಹದಲ್ಲಿರುವ 'ಶ್ಯಾವೊಯಾವ್' ಎಂಬ ಔಷಧಮಿಶ್ರಣದ ಒಂದು ರೂಪ. 'ನಿರಾಳ ವಿಹಾರ' ಎಂದು ಹೆಸರಿನ ಅರ್ಥ, ಎಷ್ಟು ಚೆಂದ! ಆದರೆ ಅದರಲ್ಲಿ ಅತಿಮಧುರವಿದೆ. ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ಹೋದರೆ ಅದು ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸಬಲ್ಲದು. ದಾಂಗ್‌ಗುಯಿ ಎಂಬ ಬೇರಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಅದು ಸಲ್ಲದು. ಕೂದಲು ಕಪ್ಪಾಗಲೆಂದು ಆಯಿ ಬೇರೆಯಾಗಿ ತಂದುಕೊಟ್ಟಿದ್ದ ಹ-ಶೌ-ವು ಬೇರನ್ನಂತೂ ನಿಲ್ಲಿಸಲು ಹೇಳಿದೆ, ಏಕೆಂದರೆ ಅದು ನಿಜವಾದ ಯಕೃತ್ತಿಗೇ ಹಾನಿ ಮಾಡಿದ ಪ್ರಕರಣಗಳು ದಾಖಲಾಗಿವೆ. ಗಾನ್‌ಗೆ ಚಿಕಿತ್ಸೆ ಮಾಡಲು ಹೋಗಿ ಲಿವರ್ ಕೆಡಿಸಿಕೊಳ್ಳುವುದು ಯಾವ ನ್ಯಾಯ?

ಎರಡನೆಯ ಭಾಗದಲ್ಲಿ ಆ ವೈದ್ಯದಿಂದಲೇ ಎರವಲು ಪಡೆದೆ. ಸುಮಾರು 2000 ವರ್ಷ ಹಳೆಯದಾದ ಹುವಾಂಗ್‌ದಿ ನೇಜಿಂಗ್ ಗ್ರಂಥದಲ್ಲಿ ನಾಲ್ಕು ಋತುಗಳ ದಿನಚರಿಯ ಒಂದು ಅಧ್ಯಾಯವಿದೆ. ವಸಂತದ ಮೂರು ತಿಂಗಳಲ್ಲಿ ಬೇಗ ಏಳಬೇಕು, ಅಂಗಳದಲ್ಲಿ ನಿಧಾನವಾಗಿ ಅಡ್ಡಾಡಬೇಕು, ಕಟ್ಟಿದ ಕೂದಲನ್ನು ಬಿಚ್ಚಿಬಿಡಬೇಕು, ಕೊಡಬೇಕು, ಕಿತ್ತುಕೊಳ್ಳಬಾರದು, ಮೆಚ್ಚಬೇಕು, ದಂಡಿಸಬಾರದು ಎನ್ನುತ್ತದೆ ಅದು. ಇದರಲ್ಲಿ ಔಷಧವೇ ಇಲ್ಲ, ಯಾವ ಮಾತ್ರೆಗೂ ಅಡ್ಡ ಬರುವುದಿಲ್ಲ. ಬೆಳಗಿನ ಬೆಳಕು ಮತ್ತು ನಡಿಗೆ ಕೆಟ್ಟ ನಿದ್ದೆಗೆ ನಾನೂ ಹೇಳುವ ಮಾತೇ. ಆಯಿಯ ಜೊತೆ ಬೆಳಗ್ಗೆ ಆರೂವರೆಗೆ ಪಾರ್ಕಿಗೆ ಹೋಗಲು ಹೇಳಿದೆ, ಕೂದಲು ಬಿಚ್ಚಿಕೊಂಡೇ. 'ದಂಡಿಸಬಾರದು' ಎಂಬುದನ್ನು ಮಗನ ಹೋಂವರ್ಕಿಗೆ ಅನ್ವಯಿಸಿದೆವು: ಹತ್ತು ದಿನ ತಪ್ಪುಗಳಿಗೆ ಕೆಂಪು ಗೆರೆ ಹಾಕುವಂತಿಲ್ಲ, ಸರಿಯಿದ್ದ ಒಂದು ಸಾಲಿಗೆ ಮಾತ್ರ ಗುರುತು. ಸಿಟ್ಟು ಬಂದ ಪ್ರತಿ ಸಲ, ಅದಕ್ಕೆ ಅರ್ಧ ಗಂಟೆ ಮುಂಚೆ ಏನಾಗುತ್ತಿತ್ತು ಎಂದು ಒಂದು ಸಾಲು ಬರೆಯಬೇಕು. ಆ ಪುಸ್ತಕದಲ್ಲಿ ಹೆಚ್ಚಾಗಿ ಕಂಡ ಸಾಲು, 'ಬರುವುದು ತಡ ಎಂದು ಮೆಸೇಜ್ ಬಂತು.' ಅದನ್ನು ಗಂಡನೇ ಓದಲಿ ಎಂದೆ. ಓದಿದರು. ವಾರಕ್ಕೆ ಎರಡು ದಿನ ಊಟದ ಹೊತ್ತಿಗೆ ಮನೆಗೆ ಬಂದು, ಉಳಿದ ಲೆಕ್ಕವನ್ನು ಮಗ ಮಲಗಿದ ಮೇಲೆ ಮಾಡುವುದೆಂದು ಒಪ್ಪಿಕೊಂಡರು.

ಉಳಿದದ್ದು ಹುಳಿಯ ತಕರಾರು. ವಸಂತದಲ್ಲಿ ಹುಳಿ ಇಳಿಸಿ ಸಿಹಿ ಏರಿಸು ಎಂಬ ಸೂತ್ರವನ್ನು ತಾಂಗ್ ಕಾಲದ ವೈದ್ಯ ಸುನ್ ಸಿಮ್ಯಾವ್ ಹೆಸರಿನಲ್ಲಿ ಹೇಳುತ್ತಾರೆ. ಚೀನೀ ವೈದ್ಯರು ಅದನ್ನೇ ಹೇಳಿದ್ದರು. ಸುಮನಾ ತವರಿನಿಂದ ಬಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ಬಟ್ಟೆ ಕಟ್ಟಿ ಕಪಾಟಿನ ಮೇಲಿಟ್ಟಿದ್ದರು. ಚರಕನೂ ವಸಂತದಲ್ಲಿ ಹುಳಿ ಬೇಡವೆನ್ನುತ್ತಾನೆ, ಆದರೆ ಸಿಹಿಯೂ ಬೇಡ, ಹಗಲು ನಿದ್ದೆಯೂ ಬೇಡ ಎನ್ನುತ್ತಾನೆ. ಇಬ್ಬರು ಹಿರಿಯರ ಮಾತನ್ನೂ ಪಾಲಿಸಿದರೆ ತಟ್ಟೆಯಲ್ಲಿ ಏನು ಉಳಿದೀತು? ಮಿಡಿಯ ವಿಷಯ ಬಂದಾಗ ಮಾತ್ರ ಅವರು ಅತ್ತದ್ದು. ಊಟಕ್ಕೆ ಅರ್ಧ ಮಿಡಿ, ಅದರಿಂದ ಯಾವ ಯಕೃತ್ತೂ ಮುನಿಯದು ಎಂದೆ.

ಮಾತ್ರೆ ಮತ್ತೆ ಶುರುವಾಗಿ ಕರೆಂಟ್ ಹೊಡೆತ ಕೆಲವೇ ದಿನಗಳಲ್ಲಿ ನಿಂತಿತು. ನಿದ್ದೆಗೆ ಐದು ವಾರ ಹಿಡಿಯಿತು. ಮಾತ್ರೆ ಬಿಡುವ ಯೋಚನೆಯನ್ನು ವೈದ್ಯರ ಜೊತೆ ಸೇರಿ, ಮಾರ್ಚ್ ಅಲ್ಲದ ತಿಂಗಳಲ್ಲಿ, ಹಂತ ಹಂತವಾಗಿ ಮಾಡುವುದೆಂದು ಬರೆದಿಟ್ಟಿದ್ದೇವೆ. ಕೊನೆಯ ಭೇಟಿ ಏಪ್ರಿಲ್ ಮಧ್ಯದಲ್ಲಿ. ರಸ್ತೆಯ ಪ್ಲೇನ್ ಮರಗಳ ನಾರು ಗಾಳಿಯಲ್ಲಿ ಹಾರಿ ಶಾಂಘೈಗೆ ಶಾಂಘೈ ಸೀನುವ ಕಾಲ. ಛಿಂಗ್‌ಮಿಂಗ್ ಹಬ್ಬಕ್ಕೆ ಆಯಿ ಹಸಿರು ಕಡುಬು ತಂದುಕೊಟ್ಟಿದ್ದರಂತೆ, ಇವರು ಬದಲಿಗೆ ಎರಡು ಮಿಡಿ ಕೊಟ್ಟರಂತೆ. ಆಯಿ ಒಂದನ್ನು ಕಚ್ಚಿ, ಕಣ್ಣು ಕಿರಿದು ಮಾಡಿ, ಇದು ನೇರವಾಗಿ ಯಕೃತ್ತಿಗೆ ಹೋಗುತ್ತದೆ ಎಂದು ಗದರಿದರು. ಆಮೇಲೆ ಎರಡನೆಯದಕ್ಕೂ ಕೈ ಹಾಕಿದರು.