ಅಪರೂಪದ ಅಡ್ಡಹೆಸರನ್ನು ಕಥೆಯಲ್ಲಿ, ಪ್ರಬಂಧದಲ್ಲಿ ಹೇಗೆ ಬಳಸಬೇಕು?

ನೀವು ಕೇಳಿದ್ದು ಎರಡು. ಕಾರವಾರದಲ್ಲಿ ನಡೆಯುವ ನಿಮ್ಮ ಕಥೆಯ ಬ್ಯಾಂಕ್ ಮ್ಯಾನೇಜರನಿಗೆ ‘ಮಾವಿನಕುರ್ವೆ’ ಎಂಬ ಅಡ್ಡಹೆಸರು ಇಡಬಹುದೇ? ಎಂ.ಎ. ಪ್ರಬಂಧದಲ್ಲಿ ನಮ್ಮ ಉತ್ತರ ಕನ್ನಡದ ಲೇಖಕರನ್ನು ಬರೀ ಅಡ್ಡಹೆಸರಿನಿಂದ ಕರೆದರೆ ಸಾಕೇ? ನಾನು ಹೊನ್ನಾವರದವನು, ಹಲವು ವರ್ಷ ಕರಡು ತಿದ್ದಿದವನು. ಈ ಎರಡೂ ತೊಡಕು ನೋಡಿದ್ದೇನೆ.

ಕುರ್ವೆ ಅಂದರೆ ನಮ್ಮಲ್ಲಿ ಹೊಳೆಯ ನಡುಗಡ್ಡೆ. ಉಡುಪಿ ಕಡೆ ಅದನ್ನೇ ಕುದ್ರು ಅನ್ನುತ್ತಾರೆ. ಶರಾವತಿ ಕಡಲು ಸೇರುವಲ್ಲಿ ಒಂದು ಮಾವಿನಕುರ್ವೆ ಇದೆ, ಅದನ್ನು ಮಾವಿನಕುರ್ವಾ ಎಂದೂ ಬರೆಯುತ್ತಾರೆ. ಭಟ್ಕಳದಲ್ಲಿ ಇನ್ನೊಂದಿದೆ. ಹೀಗೆ ಊರನ್ನೇ ಅಡ್ಡಹೆಸರು ಮಾಡಿಕೊಂಡವರಲ್ಲಿ ಕೊಂಕಣಿ ಮನೆಮಾತಿನ ಚಿತ್ರಾಪುರ ಸಾರಸ್ವತರು ಬಹಳ: ಕಾಯ್ಕಿಣಿ, ಶಿರಾಲಿ, ಮುರ್ಡೇಶ್ವರ. ಹಾಗಾಗಿ ಆ ಹೆಸರು ಕಂಡ ಕೂಡಲೇ ಇಲ್ಲಿಯ ಓದುಗನಿಗೆ ಮನೆಯೊಳಗಿನ ಕೊಂಕಣಿ ಕೇಳಿಸುತ್ತದೆ. ನಿಮ್ಮ ಮ್ಯಾನೇಜರ್ ತಾಯಿಯ ಹತ್ತಿರ ಅಂಕೋಲೆಯ ನಾಡವರ ಸಮುದಾಯದ ಕನ್ನಡ ಮಾತಾಡಿದರೆ ಕಥೆ ಅಲ್ಲಿಗೇ ಮುರಿಯಿತು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಅವನು ಸಾಲದ ಹಣ ನುಂಗುತ್ತಾನೆ ಎಂದು ಬರೆದಿದ್ದೀರಿ. ಹೆಗಡೆ, ಭಟ್ಟ, ನಾಯ್ಕ ನುಂಗಿದರೆ ಯಾರೂ ಮನೆ ಹುಡುಕುವುದಿಲ್ಲ, ಅಷ್ಟು ಮನೆಗಳಿವೆ. ಅಪರೂಪದ ಹೆಸರಾದರೆ ‘ಇದು ಯಾರ ಪೈಕಿ?’ ಎಂದು ಕೇಳಿಯೇ ಕೇಳುತ್ತಾರೆ. ಏನೂ ಮಾಡದ ಒಂದು ಕುಟುಂಬ ಅದಕ್ಕೆ ಉತ್ತರ ಹೇಳುತ್ತಾ ಕೂರಬೇಕಾಗುತ್ತದೆ. ದಯವಿಟ್ಟು ಅವನಿಗೆ ಕಾಮತ ಎಂದೋ ಶಾನಭಾಗ ಎಂದೋ ಇಡಿ. ಮಾವಿನಕುರ್ವೆ ನಿಮಗೆ ಅಷ್ಟು ಹಿಡಿಸಿದ್ದರೆ, ಅವನ ತಪ್ಪು ಹಿಡಿಯುವ ಆ ಹಳೇ ಗುಮಾಸ್ತನಿಗೆ ಕೊಡಿ.

ಇನ್ನು ಪ್ರಬಂಧ. 1862ರಲ್ಲಿ ನಮ್ಮ ಜಿಲ್ಲೆ ಮುಂಬೈ ಪ್ರಾಂತಕ್ಕೆ ಸೇರಿತು, 1956ರವರೆಗೆ ಅಲ್ಲೇ ಇತ್ತು. ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂದು ಬರೆಯುವ ಆ ಕಡೆಯ ಕ್ರಮ ಇಲ್ಲಿ ಗಟ್ಟಿಯಾಯಿತು: ಯಶವಂತ ವಿಠೋಬಾ ಚಿತ್ತಾಲ. ಹಳೇ ಮೈಸೂರಿನಲ್ಲಿ ಇನಿಷಿಯಲ್ ಆದಮೇಲೆ ಬರುವುದು ಹೆಚ್ಚಾಗಿ ಸ್ವಂತ ಹೆಸರು, ಅದಕ್ಕೆ ಒಗ್ಗಿದವರಿಗೆ ಅಡ್ಡಹೆಸರೊಂದೇ ಸಾಕು ಅನ್ನಿಸುವುದು ಸಹಜ. ಸಾಲುವುದಿಲ್ಲ. ‘ಚಿತ್ತಾಲರು ಹೇಳುವಂತೆ’ ಎಂದರೆ ಕಥೆಗಾರ ಯಶವಂತರೋ, ಅವರ ಅಣ್ಣ, ಕವಿ ಗಂಗಾಧರರೋ? ‘ಕಾಯ್ಕಿಣಿ’ ಎಂದರೆ ಗೌರೀಶರೋ, ಅವರ ಮಗ ಜಯಂತರೋ? ಅಪರೂಪದ ಹೆಸರು ಒಬ್ಬರನ್ನೇ ತೋರಿಸುತ್ತದೆ ಎಂದು ನಂಬಿ ಮೋಸಹೋಗುವುದು ಇಲ್ಲೇ. ಪ್ರತಿ ಅಧ್ಯಾಯದಲ್ಲೂ ಮೊದಲ ಸಲ ಪೂರ್ತಿ ಹೆಸರು ಬರೆಯಿರಿ. ಇಬ್ಬರೂ ಬರುವ ಕಡೆ ಕೊನೆಯವರೆಗೂ ಪೂರ್ತಿಯೇ ಇರಲಿ.

ಕಾಗುಣಿತವೂ ಮುಖ್ಯ. ಒಮ್ಮೆ ನನ್ನ ಕೈಗೆ ಬಂದ ಪ್ರಬಂಧವೊಂದರಲ್ಲಿ ಕಾಯ್ಕಿಣಿ ಹಲವು ಕಡೆ ‘ಕೈಕಿನಿ’ ಆಗಿತ್ತು. ಇಂಗ್ಲಿಷ್ ಲಿಪಿಯಲ್ಲಿದ್ದದ್ದನ್ನು ಕಂಪ್ಯೂಟರಿಗೆ ಕೊಟ್ಟು ಕನ್ನಡ ಮಾಡಿಸಿದ್ದರು. ಪದಸೂಚಿಯಲ್ಲಿ ಒಬ್ಬರೇ ಲೇಖಕರು ಎರಡು ಕಡೆ, ಇಬ್ಬರಾಗಿ ಕೂತಿದ್ದರು. ಅದನ್ನು ಸರಿಮಾಡಲು ನನಗೆ ಎರಡು ದಿನ ಹಿಡಿಯಿತು. ಲೇಖಕರು ತಮ್ಮ ಕನ್ನಡ ಪುಸ್ತಕದ ಮುಖಪುಟದಲ್ಲಿ ಹೇಗೆ ಬರೆದುಕೊಂಡಿದ್ದಾರೋ ಹಾಗೇ ಬರೆಯಿರಿ. ನಾಯಕ, ನಾಯ್ಕ ಕೂಡ ಒಂದೇ ಅಲ್ಲ: ನಾಡವರು ಹೆಚ್ಚಾಗಿ ನಾಯಕ ಎಂದು, ನಾಮಧಾರಿ ಸಮುದಾಯದವರು ನಾಯ್ಕ ಎಂದು ಬರೆಯುತ್ತಾರೆ. ನಿಮ್ಮ ಕರಡಿನ ಮೂರನೇ ಪುಟದಲ್ಲಿ ಈ ಎರಡೂ ಬೆರೆತಿವೆ, ಮೊದಲು ಅದನ್ನು ನೋಡಿ.