ಕಾರಿಗೆ ಹಗಲು ದೀಪ ಹಾಕಿಸಬಹುದಾ?

ಪ್ರಶ್ನೆ: ನನ್ನ ಹಳೇ ಕಾರಿಗೆ ಹೊರಗಿನ ಅಂಗಡಿಯಲ್ಲಿ ಡಿಆರ್‌ಎಲ್ (ಹಗಲಲ್ಲಿ ಉರಿಯುವ ಮುಂದಿನ ದೀಪ) ಹಾಕಿಸಬೇಕು ಅಂತಿದ್ದೇನೆ. ಪೊಲೀಸರು ಹಿಡಿಯುತ್ತಾರಾ?

ಉತ್ತರ: ನಮ್ಮಲ್ಲಿ ಕಾರಿಗೆ ಡಿಆರ್‌ಎಲ್ ಕಡ್ಡಾಯವಲ್ಲ. 2017ರ ಏಪ್ರಿಲ್‌ನಿಂದ ಹಗಲಲ್ಲೂ ದೀಪ ಉರಿಯಲೇಬೇಕು ಅಂತ ಬಂದ ನಿಯಮ ಹೊಸ ದ್ವಿಚಕ್ರ ವಾಹನಗಳಿಗೆ. ಹಾಕಿಸುವುದಾದರೆ ಬಿಳಿ ಬಣ್ಣದ್ದೇ ಇರಲಿ. ಕಾರಿನ ಮುಂದೆ ಕೆಂಪು ದೀಪ ಕಾಣಿಸಲೇಬಾರದು, ನೀಲಿ ದೀಪ, ಮಿನುಗುವ ಪಟ್ಟಿಗಳ ಸಹವಾಸ ಬೇಡವೇ ಬೇಡ. ದೀಪದ ಗಾಜಿನ ಮೇಲೆ ‘ಆರ್‌ಎಲ್’ ಗುರುತು ಇದೆಯಾ ನೋಡಿ, ಅದು ವಿಶ್ವಸಂಸ್ಥೆಯ 87ನೇ ನಿಯಮದಂತೆ ಒಪ್ಪಿಗೆ ಸಿಕ್ಕ ದೀಪಕ್ಕೆ ಇರುವ ಗುರುತು. ಇನ್ನು ಹೆಡ್‌ಲೈಟ್ ಹಾಕಿದ ಕೂಡಲೇ ಡಿಆರ್‌ಎಲ್ ತಾನಾಗಿ ಆರಬೇಕು ಇಲ್ಲವೇ ಮಂಕಾಗಬೇಕು, ಆ ವೈರಿಂಗ್ ಸರಿ ಇಲ್ಲದಿದ್ದರೆ ರಾತ್ರಿ ಎದುರಿಗೆ ಬರುವವರಿಗೆ ಕಣ್ಣು ಕುಕ್ಕುತ್ತದೆ. ಅಂಗಡಿಯಲ್ಲೇ ನಿಂತು ಪರೀಕ್ಷಿಸಿ. ಕಣ್ಣು ಕುಕ್ಕುವ ದೀಪಕ್ಕೆ ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಅಡಿ ಕೇಸು ಬೀಳುತ್ತದೆ, ಮೊದಲ ಸಲ 500 ರೂಪಾಯಿವರೆಗೆ ದಂಡ.